ಅಜ್ಜಿಯ ಹೆಸರಿನಲ್ಲಿದ್ದ ಕಾರು

ಬೇಲೂರಿನ ಪೆಟ್ರೋಲ್ ಬಂಕಿನಲ್ಲಿ ನಮ್ಮ ಕಾರಿನ ಬಾನೆಟ್ ಮೇಲೆ ಅಂಗೈ ಊರಿ ನಿಂತಿದ್ದ ಆ ಹೆಂಗಸನ್ನು ಮೊದಲು ನೋಡಿದ್ದು ಅಮ್ಮ. ಅಪ್ಪ ದುಡ್ಡು ಕೊಡಲು ಒಳಗೆ ಹೋಗಿದ್ದರು. ನಾನು ರೇಡಿಯೇಟರಿಗೆ ನೀರು ಹಿಡಿಯಲು ನಲ್ಲಿಯ ಹತ್ತಿರ ಇದ್ದೆ.

“ಬಾರೇ ಇಲ್ಲಿ, ಯಾರೋ ಬಂದು ಕಾರಿನ ಮೈ ಸವರ್ತಾ ಇದ್ದಾರೆ” ಎಂದು ಅಮ್ಮ ಹಿಂದಿನ ಸೀಟಿನ ಕಿಟಕಿಯಿಂದ ಕೂಗಿದಳು.

ನಾನು ಬರುವಷ್ಟರಲ್ಲಿ ಅವರು ಕಾರಿನ ಹಿಂಭಾಗಕ್ಕೆ ಹೋಗಿ ಎಡಗಡೆಯ ಮಡ್‌ಗಾರ್ಡಿನ ಮುಂದೆ ಬಗ್ಗಿ ನಿಂತಿದ್ದರು. ಅರವತ್ತರ ಆಸುಪಾಸಿನ ಹೆಂಗಸು. ನರೆತ ಕೂದಲಿಗೆ ಸಣ್ಣ ಗಂಟು, ಇಸ್ತ್ರಿ ಮಾಡಿದ ಹತ್ತಿ ಸೀರೆ. ಪಕ್ಕದಲ್ಲಿ ನಿಂತಿದ್ದ ಬಾಡಿಗೆ ಕಾರಿನಿಂದ ಇಳಿದು ಬಂದಿದ್ದರು. ಆ ಮಡ್‌ಗಾರ್ಡಿನಲ್ಲಿ ಬಟ್ಟಲಿನಷ್ಟು ಅಗಲದ ಒಂದು ತಗ್ಗಿತ್ತು. ಅದರೊಳಗೆ ಎರಡು ಬೆರಳು ಆಡಿಸುತ್ತಿದ್ದರು.

“ಇದು ನಿಮ್ಮದಾ?” ಎಂದು ಕೇಳಿದರು.

“ನಮ್ಮ ಮನೆಯದು.”

“ಎಲ್ಲಿ ಸಿಕ್ತು?”

“ಇಲ್ಲೇ ಒಂದು ಗ್ಯಾರೇಜಿನಲ್ಲಿ ಅಪ್ಪ ತಗೊಂಡ್ರು, ತುಂಬಾ ವರ್ಷ ಆಯ್ತು. ಮುಂಚೆ ಬಿಕ್ಕೋಡಿನ ಕಡೆ ಕಾಫಿ ತೋಟದ ಸಾಹುಕಾರರದ್ದಂತೆ.”

“ಗೊತ್ತು. ಅವರು ನಮ್ಮ ತಂದೆ.”

ಅಷ್ಟು ಹೊತ್ತಿಗೆ ಅಪ್ಪ ಚಿಲ್ಲರೆ ಎಣಿಸುತ್ತ ಹೊರಗೆ ಬಂದರು. ಆಕೆ ಸುತ್ತಿಬಳಸಿ ಮಾತಾಡಲಿಲ್ಲ. “ಇದನ್ನ ನನಗೆ ಕೊಡ್ತೀರಾ?” ಎಂದು ನೇರವಾಗಿ ಕೇಳಿ, ಒಂದು ಮೊತ್ತ ಹೇಳಿದರು. ಅಮ್ಮ ಸೀಟಿನಲ್ಲೇ ನೆಟ್ಟಗಾದಳು. ಆಗಿನ ಕಾಲಕ್ಕೆ ಆ ದುಡ್ಡಿಗೆ ಶೋರೂಮಿನಿಂದ ಹೊಸ ಸಣ್ಣ ಕಾರು ತಂದು, ಮನೆಗೆ ಸುಣ್ಣಬಣ್ಣವನ್ನೂ ಮಾಡಿಸಬಹುದಿತ್ತು. ನಮ್ಮದು ಐವತ್ತರ ದಶಕದ ಲ್ಯಾಂಡ್‌ಮಾಸ್ಟರ್. ಗುಜರಿಯವರು ಅದಕ್ಕೆ ಕೊಡುತ್ತಿದ್ದ ಬೆಲೆ ಕೇಳಿ ನಾವು ಎಷ್ಟೋ ಸಲ ನಕ್ಕಿದ್ದೆವು.

ಅಪ್ಪ ನಗಲಿಲ್ಲ. ಆಕೆ ಯಾರು ಎಂದು ನಾನು ಹೇಳಿದ ಮೇಲಂತೂ ಅವರ ಮುಖ ಬಿಗಿಯಿತು. “ಯೋಚನೆ ಮಾಡಿ ಹೇಳ್ತೀವಿ” ಎಂದಷ್ಟೇ ಅಂದರು. ಆಕೆ ನಮ್ಮ ಅರಸೀಕೆರೆ ವಿಳಾಸ ಬರೆದುಕೊಂಡು, “ನಾನು ಹಳೇಬೀಡಿನಲ್ಲಿರೋದು. ಬರೋ ಭಾನುವಾರ ನಾನೇ ಬರ್ತೀನಿ” ಎಂದು ಹೇಳಿ ಹೋದರು.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾನು ಬೇಲೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಶನಿವಾರ ಬೆಳಗಿನ ತರಗತಿ ಮುಗಿಸಿ, ಹಳೇಬೀಡು, ಜಾವಗಲ್ಲಿನ ಮೇಲೆ ಹೋಗುವ ಬಸ್ಸು ಹಿಡಿದು ಅರಸೀಕೆರೆಯ ಮನೆಗೆ ಬರುತ್ತಿದ್ದೆ. ಅಪ್ಪ ಅಲ್ಲಿ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಅಮ್ಮ ಪ್ರಾಥಮಿಕ ಶಾಲೆಯ ಟೀಚರು. ಮನೆಯಲ್ಲಿ ನಾಲ್ಕನೆಯವಳು ಅಜ್ಜಿ, ಅಪ್ಪನ ತಾಯಿ. ಅವತ್ತು ಬಿಕ್ಕೋಡಿನಲ್ಲಿ ನೆಂಟರ ಮಗುವಿನ ನಾಮಕರಣ ಮುಗಿಸಿ ವಾಪಸು ಬರುತ್ತಿದ್ದೆವು. ಮಂಡಿನೋವು ಎಂದು ಅಜ್ಜಿ ಬಂದಿರಲಿಲ್ಲ.

ಕಾರು ಓಡಿಸುತ್ತಿದ್ದುದು ನಾನು. ಜಾವಗಲ್ಲು ದಾಟಿದ ಮೇಲೆ ಅಮ್ಮ ಮೆಲ್ಲಗೆ, “ಒಳ್ಳೇ ಬೆಲೆ” ಎಂದಳು. ಅಪ್ಪ ಕಿಟಕಿಯಾಚೆಯ ರಾಗಿ ಹೊಲಗಳನ್ನು ನೋಡುತ್ತಲೇ ಇದ್ದರು.

ಅಪ್ಪ ಆ ಕಾರು ಕೊಂಡಾಗ ನಾನು ಏಳನೆಯ ತರಗತಿಯಲ್ಲಿದ್ದೆ. ಯಾವುದೋ ಕೆಲಸಕ್ಕೆ ಬೇಲೂರಿಗೆ ಹೋದವರು ಗ್ಯಾರೇಜಿನ ಮೂಲೆಯಲ್ಲಿ ಚಕ್ರವಿಲ್ಲದೆ ಕಲ್ಲಿನ ಮೇಲೆ ಕುಳಿತಿದ್ದ ಕಾರನ್ನು ನೋಡಿದರು. ನಂಬರು ಓದುವ ಮೊದಲೇ ಗುರುತು ಹತ್ತಿತಂತೆ. ಅಪ್ಪ ಹುಟ್ಟಿದ್ದು ಆ ಸಾಹುಕಾರರ ತೋಟದ ಲೈನ್ ಮನೆಯಲ್ಲಿ. ಕೂಲಿಯವರಿಗೆಂದು ಸಾಲಾಗಿ ಕಟ್ಟಿದ್ದ ಒಂದೊಂದು ಕೋಣೆಯ ಮನೆಗಳು ಅವು. ಅಜ್ಜಿ ಅಲ್ಲಿ ಕಾಫಿ ಹಣ್ಣು ಕುಯ್ಯುತ್ತಿದ್ದಳು. ತಾತ ಅಪ್ಪನಿಗೆ ನಾಲ್ಕು ವರ್ಷವಿದ್ದಾಗ ತೀರಿಕೊಂಡಿದ್ದರು. ಅಜ್ಜಿ ಮಗನನ್ನು ಬೇಲೂರಿನ ಹಾಸ್ಟೆಲಿಗೆ ಸೇರಿಸಿ, ಒಬ್ಬಳೇ ದುಡಿದು ಓದಿಸಿದಳು.

“ಆ ಕಾರು ಬಂದ್ರೆ ನಾವು ರಸ್ತೆ ಬಿಟ್ಟು ಗಿಡದೊಳಗೆ ಇಳಿದು ನಿಲ್ಲಬೇಕಿತ್ತು. ನಮ್ಮವ್ವ ತಲೆ ಮೇಲಿನ ಮೂಟೆ ಸಮೇತ ಇಳೀತಿದ್ಲು” ಎಂದು ಅಪ್ಪ ನನಗೆ ಒಂದೇ ಒಂದು ಸಲ ಹೇಳಿದ್ದರು. ಅದನ್ನು ಮತ್ತೆ ಕೇಳುವ ಧೈರ್ಯ ನನಗೂ ಬರಲಿಲ್ಲ.

ಕಾರನ್ನು ಅಪ್ಪ ಅಜ್ಜಿಯ ಹೆಸರಿನಲ್ಲಿ ನೋಂದಾಯಿಸಿದರು. ಮಾಲೀಕರ ಉದ್ಯೋಗವೇನು ಎಂದು ಕಚೇರಿಯ ಗುಮಾಸ್ತ ಕೇಳಿದನಂತೆ. “ಕಾಫಿ ತೋಟದ ಕೂಲಿ” ಎಂದು ಅಪ್ಪ ಹೇಳಿದಾಗ ಆತ ಪೆನ್ನು ಕೆಳಗಿಟ್ಟು ಅಪ್ಪನ ಮುಖ ನೋಡಿದ. ಇದನ್ನು ಮಾತ್ರ ಅಪ್ಪ ನೂರು ಸಲ ಹೇಳಿದ್ದಾರೆ, ಪ್ರತಿ ಸಲವೂ ನಗುತ್ತ.

ಎಂಜಿನ್ ಸರಿಮಾಡಿಸಿ, ಕೆನೆ ಬಣ್ಣ ಹೊಡೆಸಿ, ಮೊದಲ ಸವಾರಿ ಹೋಗಿದ್ದು ಅಜ್ಜಿಯನ್ನು ಕರೆತರಲಿಕ್ಕೆ. ಅಲ್ಲಿಯವರೆಗೆ ಅವಳು ತೋಟದ ಕೆಲಸ ಬಿಟ್ಟು ಬರಲು ಒಪ್ಪಿರಲಿಲ್ಲ. ಕಾರು ಲೈನಿನ ಮುಂದೆ ನಿಂತಾಗ ಎಲ್ಲರೂ ಹೊರಗೆ ಬಂದರು. ಅಜ್ಜಿ ಕೈ ಒರೆಸಿಕೊಳ್ಳುತ್ತ ಬಂದವಳು ಕಾರನ್ನು ಒಂದು ಸುತ್ತು ಹಾಕಿದಳು. ಹಿಂದಿನ ಎಡ ಮಡ್‌ಗಾರ್ಡಿನ ತಗ್ಗನ್ನು ಮುಟ್ಟಿ ನೋಡಿ ಕಿಸಕ್ಕನೆ ನಕ್ಕಳು. ಬಣ್ಣ ಹೊಡೆಯುವವನು ಆ ತಗ್ಗನ್ನು ಅರ್ಧಂಬರ್ಧ ಬಡಿದು ಹಾಗೇ ಬಿಟ್ಟಿದ್ದ. ಅವಳು ಮಗನ ಮೇಲಿನ ಹೆಮ್ಮೆಗೆ ನಕ್ಕಳೆಂದು ನಾವೆಲ್ಲ ತಿಳಿದೆವು. ಅವತ್ತೇ ಎರಡು ಸೀರೆ, ಒಂದು ಕಬ್ಬಿಣದ ಪೆಟ್ಟಿಗೆ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕುಳಿತು ಅರಸೀಕೆರೆಗೆ ಬಂದಳು.

ಮೊಮ್ಮಗಳಿಗೆ ಡ್ರೈವಿಂಗ್ ಕಲಿಸು ಎಂದು ಅಪ್ಪನಿಗೆ ಗಂಟು ಬಿದ್ದವಳೂ ಅವಳೇ. ನಾನಾಗ ಹಾಸನದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಅಮ್ಮನಿಗೆ ಇಷ್ಟವಿರಲಿಲ್ಲ. “ಹುಡುಗಿ ಕಾರು ಬಿಟ್ಕೊಂಡು ಊರು ಸುತ್ತಿದ್ರೆ ಜನ ಏನಂತಾರೆ?” ಎಂದಳು. ಅಜ್ಜಿ ಪಟ್ಟು ಬಿಡಲಿಲ್ಲ. “ಹೆಣ್ಮಕ್ಳು ಬಿಡ್ತಾರೆ ಕಣೇ, ನಾ ನೋಡಿವ್ನಿ. ಕಲ್ಸೋ ನೀನು” ಎಂದಳು. ಎಲ್ಲಿ ನೋಡಿದ್ದಳು, ಯಾರನ್ನು ನೋಡಿದ್ದಳು ಎಂದು ಯಾರೂ ಕೇಳಲಿಲ್ಲ. ರೈಲ್ವೆ ಮೈದಾನದಲ್ಲಿ ನಾನು ಕ್ಲಚ್ಚು ಬಿಟ್ಟಾಗಲೆಲ್ಲ ಕಾರು ಕುಪ್ಪಳಿಸಿ ನಿಲ್ಲುತ್ತಿತ್ತು. ಸ್ಟೇರಿಂಗಿನ ಪಕ್ಕದಲ್ಲಿದ್ದ ಗೇರಿನ ಕೋಲು ಎಳೆದರೂ ಬರುತ್ತಿರಲಿಲ್ಲ. ಅಜ್ಜಿ ಹಿಂದಿನ ಸೀಟಿನಲ್ಲಿ ಎಲೆಅಡಿಕೆ ಹಾಕಿಕೊಂಡು ಕುಳಿತು, “ಹೋಯ್ತದೆ, ಹೋಯ್ತದೆ, ಬುಡು” ಎನ್ನುತ್ತಿದ್ದಳು.

ಹೀಗೆ ಆ ಕಾರು ನಮ್ಮ ಮನೆಯಲ್ಲಿ ಹದಿನೆಂಟು ವರ್ಷ ಇತ್ತು. ಬುದ್ಧ ಪೂರ್ಣಿಮೆಯ ದಿನ ಅದನ್ನು ತೊಳೆದು, ಬಿಳಿ ಸೇವಂತಿಗೆ ಹಾಕಿ, ಎಲ್ಲರೂ ಹಳೇಬೀಡಿನ ಕೆರೆ ಏರಿಗೆ ಹೋಗಿ ಬುತ್ತಿ ಬಿಚ್ಚುತ್ತಿದ್ದೆವು. ಕೆಟ್ಟು ನಿಂತಿದ್ದೂ ಬೇಕಾದಷ್ಟು ಸಲ. ಬಿಡಿಭಾಗ ಹುಡುಕಲು ಅಪ್ಪ ತಿಪಟೂರಿನಿಂದ ಮೈಸೂರಿನವರೆಗೆ ಗುಜರಿ ಅಂಗಡಿಗಳನ್ನು ಸುತ್ತುತ್ತಿದ್ದರು. ಈಚೆಗೆ ಅವರ ಕಣ್ಣಿನ ಪೊರೆ ಬೆಳೆದು, ಓಡಿಸುವುದು ನನ್ನ ಪಾಲಿಗೆ ಬಂದಿತ್ತು. ನಾನು ಊರಿಗೆ ಬಾರದ ವಾರ ಅದು ಶೆಡ್ಡಿನಲ್ಲೇ ಇರುತ್ತಿತ್ತು.

ಬಿಕ್ಕೋಡಿನಿಂದ ಬಂದ ಸಂಜೆ ಊಟಕ್ಕೆ ಕುಳಿತಾಗ ಅಮ್ಮ ಮಾತು ತೆಗೆದಳು.

“ಕೊಟ್ಟುಬಿಡೋದು ಒಳ್ಳೇದು ಅನ್ನಿಸುತ್ತೆ ನನಗೆ. ನಿಮಗೆ ಕಣ್ಣು ಕಾಣಲ್ಲ. ಇವಳು ನಾಳೆ ಮದುವೆ ಆಗಿ ಹೋಗ್ತಾಳೆ. ಶೆಡ್ಡಲ್ಲಿ ತುಕ್ಕು ಹಿಡಿಸೋದಕ್ಕೆ ಇಟ್ಕೊಬೇಕಾ?”

ಅಪ್ಪ ತಟ್ಟೆಯಲ್ಲಿ ಮುದ್ದೆ ಮುರಿದವರು ಹಾಗೇ ಕೈ ನಿಲ್ಲಿಸಿದರು.

“ಬೇರೆ ಯಾರು ಕೇಳಿದ್ರೂ ಕೊಡ್ತಿದ್ನೇನೋ. ಅವರು ಕೇಳಿದ್ರು ಅಂತ ಕೊಡಬೇಕಾ? ಅವರು ಕೇಳಿದ್ದನ್ನೆಲ್ಲ ಕೊಟ್ಟುಕೊಂಡೇ ಬದುಕಿದೋರು ನಾವು. ಇದೊಂದು ಕೊಡಲ್ಲ.”

ಅಪ್ಪ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗಂತೂ ಎರಡೂ ಸರಿ ಅನ್ನಿಸಿತು. ಆ ಸ್ಟೇರಿಂಗಿನ ತಣ್ಣನೆಯ ದಪ್ಪ ಬಳೆ ನನ್ನ ಅಂಗೈಗೆ ಒಗ್ಗಿಹೋಗಿತ್ತು. ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಆದರೆ ಬಂಕಿನಲ್ಲಿ ಆಕೆ ಬಗ್ಗಿ ನಿಂತಿದ್ದ ರೀತಿಯೂ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದ ಅಜ್ಜಿ, “ಯಾರು ಕೇಳಿದ್ದು?” ಎಂದಳು.

“ಸಾಹುಕಾರರ ಮಗಳಂತೆ ಅಜ್ಜಿ. ಈಗ ಹಳೇಬೀಡಲ್ಲಿ ಇದ್ದಾರಂತೆ.”

“ಎಷ್ಟು ವಯಸ್ಸು?”

“ಅರವತ್ತಿರಬಹುದು. ಹಿಂದಿನ ಮಡ್‌ಗಾರ್ಡಲ್ಲಿ ತಗ್ಗು ಇದೆಯಲ್ಲ, ಅದನ್ನ ಮುಟ್ಟಿ ನೋಡ್ತಾ ಇದ್ರು.”

ಅಜ್ಜಿ ಚಾಚಿದ ಕಾಲನ್ನು ಮಡಿಸಿಕೊಂಡಳು. “ಅಯ್ಯೋ, ಆ ಮಗೀನಾ!” ಎಂದಳು. ಆಮೇಲೆ ತಾನಾಗಿಯೇ ಹೇಳಲು ಶುರುಮಾಡಿದಳು. ನಲವತ್ತು ವರ್ಷಕ್ಕೂ ಮೇಲಾಗಿತ್ತು. ಮಗನಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು.

“ಕಾಪಿ ಹಣ್ಣು ಕುಯ್ಯೋ ಕಾಲ. ನಾವು ಒಂಬತ್ತು ಜನ ಹೆಂಗಸ್ರು ಹಳ್ಳದ ತಾವ ಕುಯ್ತಾ ಇದ್ವಿ. ದಡಾರ್ ಅಂತ ಸದ್ದಾಯ್ತು. ಓಡೋಗಿ ನೋಡಿದ್ರೆ ಸಾವ್ಕಾರ್ರ ಹೊಸ ಕಾರು ತಿರುವಲ್ಲಿ ಚರಂಡಿಗೆ ಇಳ್ದುಬುಟ್ಟೈತೆ. ಡ್ರೈವರ್ರೂ ಇಲ್ಲ, ಯಾರೂ ಇಲ್ಲ. ಒಳಗೆ ಅವ್ರ ಮಗಳು ಒಬ್ಳೇ ಕುಂತವ್ಳೆ. ಹದಿನಾರೋ ಹದಿನೇಳೋ ಇರ್ಬೇಕು. ಎರಡು ಜಡೆ. ಸ್ಟೇರಿಂಗ್ ಹಿಡ್ಕಂಡು ಗಡಗಡ ನಡುಗ್ತಾವ್ಳೆ. ಡ್ರೈವರ್ರು ಊಟಕ್ಕೆ ಹೋದಾಗ ಬೀಗದಕೈ ತಗೊಂಡು ಬಂದವ್ಳೆ.”

“ಅವಳಿಗೆ ಓಡಿಸೋದು ಯಾರು ಕಲಿಸಿದ್ರು?” ಎಂದು ಕೇಳಿದೆ.

“ಯಾರೂ ಕಲ್ಸಿಲ್ಲ. ಪಕ್ಕದಲ್ಲಿ ಕುಂತು ನೋಡ್ಕಂಡಿದ್ಲಂತೆ. ಅಷ್ಟು ದೂರ ಚಂದಾಗೇ ಬಂದಿದ್ಲು ಕಣೇ, ತಿರುವಲ್ಲಿ ಕೈ ತಪ್ತು. ‘ಅಪ್ಪಂಗೆ ಗೊತ್ತಾದ್ರೆ ಸ್ಕೂಲು ಬಿಡಿಸಿ ಮದುವೆ ಮಾಡ್ತಾರೆ’ ಅಂತ ಒಂದೇ ಸಮ ಅಳು. ನಾವು ಸೊಂಟದ ಚೀಲ ಬಿಚ್ಚಿ ಹಾಕಿ ಒಂಬತ್ತು ಜನವೂ ಕೈ ಕೊಟ್ವಿ. ನಾನು ಹಿಂದ್ಗಡೆ ಭುಜ ಕೊಟ್ಟಿದ್ದೆ. ಕಲ್ಲಿಗೆ ತಗುಲಿ ತಗ್ಗಾಗಿತ್ತು. ಎತ್ತಿ ರಸ್ತೆಗೆ ಹಾಕಿ, ತಗ್ಗು ಕಾಣ್ದಂಗೆ ಕೆಸರು ಮೆತ್ತಿದ್ವಿ.”

ಅಪ್ಪ ಕೈ ತೊಳೆಯದೆ ಕೇಳುತ್ತಿದ್ದರು.

“ಅತ್ತೂ ಅತ್ತೂ ಅವಳಿಗೆ ಬಾಯಾರಿತ್ತು. ನನ್ನ ಸೋರೆಬುರುಡೆ ಕೆಳಗಿತ್ತು, ಕುಡಿಯೋ ನೀರಿಂದು. ಬೇಡ ಅನ್ನೋದ್ರೊಳಗೆ ಎತ್ಕಂಡು ಗಟಗಟ ಅಂತ ಕುಡಿದುಬುಟ್ಲು. ನಮಗೆಲ್ಲ ಎದೆ ಧಸಕ್ ಅಂತು. ಆಮೇಲೆ ಬಾಯಿ ಒರೆಸ್ಕಂಡು, ‘ಯಾರಿಗೂ ಹೇಳಬೇಡಿ’ ಅಂದ್ಲು. ಕಾರು ಹತ್ತಿ ಹೊಂಟೋದ್ಲು. ನಾವು ಯಾರೂ ಬಾಯಿ ಬಿಡ್ಲಿಲ್ಲ. ಆದ್ರೆ ನಂಗೆ ಒಂದೇ ಕೊರೆತ. ಹೇಳಬೇಡಿ ಅಂದಿದ್ದು ಯಾವುದನ್ನ? ಕಾರು ಕೆಡವಿದ್ದನ್ನೋ, ನಮ್ಮ ನೀರು ಕುಡಿದಿದ್ದನ್ನೋ?”

ಅಮ್ಮ ಎದ್ದು ಅಪ್ಪನ ಕೈಗೆ ನೀರು ಹಾಕಿದಳು. ಮುಂದಿನ ವರ್ಷವೇ ಆ ಹುಡುಗಿಗೆ ಮದುವೆ ಮಾಡಿ ಕಳಿಸಿದರೆಂದೂ, ಆಮೇಲೆ ತಾನು ಅವಳನ್ನು ನೋಡಲೇ ಇಲ್ಲವೆಂದೂ ಅಜ್ಜಿ ಹೇಳಿದಳು.

ಆ ವಾರವೆಲ್ಲ ಬೇಲೂರಿನಲ್ಲಿ ಪಾಠ ಮಾಡುತ್ತಿದ್ದರೂ ನನ್ನ ಮನಸ್ಸು ಅರಸೀಕೆರೆಯಲ್ಲಿತ್ತು. ಅಪ್ಪ ಬುಧವಾರವೇ ಕಾರು ತೊಳೆದರಂತೆ. ಯಾಕೆ ತೊಳೆದರೆಂದು ಅಮ್ಮ ಕೇಳಿದ್ದಕ್ಕೆ, “ಮಾರಲ್ಲ ಅಂದ್ರೆ ಕೊಳಕಾಗಿ ಇರಬೇಕಾ?” ಎಂದರಂತೆ.

ಭಾನುವಾರ ಹನ್ನೊಂದು ಗಂಟೆಗೆ ಆಕೆ ಬಂದರು. ಅಜ್ಜಿ ಬೆಳಿಗ್ಗೆಯೇ ತಲೆ ಸ್ನಾನ ಮಾಡಿ, ಒಳ್ಳೆ ಸೀರೆ ಉಟ್ಟು ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದಳು. ಆಕೆಯನ್ನು ಕಂಡ ಕೂಡಲೇ ಅಭ್ಯಾಸಬಲದಿಂದ ಕುರ್ಚಿ ಬಿಟ್ಟು ಏಳಲು ಹೋದಳು. ಅಪ್ಪ ಅವಳ ಭುಜದ ಮೇಲೆ ಕೈ ಇಟ್ಟು, “ಕೂತ್ಕೊಳವ್ವ” ಎಂದರು. ಆಕೆ ಎದುರಿನ ಕುರ್ಚಿಯಲ್ಲಿ ಕುಳಿತರು. ಆಕೆಗೆ ಅಜ್ಜಿಯ ಗುರುತು ಹತ್ತಿರಲಿಲ್ಲ.

ಅಪ್ಪ ಮೊದಲೇ ಹೇಳಿಬಿಟ್ಟರು, “ನೋಡಿ ಅಮ್ಮ, ಕಾರು ನನ್ನ ಹೆಸರಲ್ಲಿಲ್ಲ. ನಮ್ಮವ್ವನ ಹೆಸರಲ್ಲಿದೆ. ಏನಿದ್ರೂ ಅವರನ್ನೇ ಕೇಳಿ.”

ಆಕೆ ಅಜ್ಜಿಯ ಕಡೆ ತಿರುಗಿ, “ನೀವೇನು ಹೇಳ್ತೀರಮ್ಮ?” ಎಂದರು. ಆ ಮನೆಯವರು ತನ್ನನ್ನು ‘ನೀವು’ ಎಂದು ಕರೆದಿದ್ದು ಅದೇ ಮೊದಲು ಎಂದು ಅಜ್ಜಿ ಆಮೇಲೆ ನನಗೆ ಹೇಳಿದಳು.

ಅಜ್ಜಿ ಮಾತಾಡುವ ಬದಲು ನನ್ನ ಕಡೆ ನೋಡಿ, “ಅವ್ರಿಗೆ ನೀರು ಕೊಡೇ” ಎಂದಳು. ನಾನು ತಂದ ಲೋಟವನ್ನು ಆಕೆ ಪೂರ್ತಿ ಕುಡಿದು ಕೆಳಗಿಟ್ಟರು. ಬಿಸಿಲಲ್ಲಿ ಬಂದಿದ್ದರು. ಆಗ ಅಜ್ಜಿ, “ಹಳ್ಳದ ತಾವ ಕುಡಿದಿದ್ದು ಬುರುಡೇಲಿ” ಎಂದಳು.

ಆಕೆ ಅಜ್ಜಿಯ ಮುಖವನ್ನೇ ನೋಡಿದರು. “ನೀವು... ಹಿಂದಿನಿಂದ ಭುಜ ಕೊಟ್ಟಿದ್ದು ನೀವಾ?”

“ಊಂ. ಒಂದು ವಾರ ಭುಜ ಎತ್ತಾಕ್ಕಾಗ್ಲಿಲ್ಲ.” ಅಜ್ಜಿ ನಕ್ಕಳು. ಆಮೇಲೆ ಕೇಳಿದಳು. “ಅವತ್ತು ಯಾರಿಗೂ ಹೇಳಬೇಡಿ ಅಂದ್ರಲ್ಲ ತಾಯಿ, ಯಾವುದನ್ನ? ಕಾರನ್ನೋ, ನೀರನ್ನೋ?”

ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅಪ್ಪ ನೆಲ ನೋಡುತ್ತಿದ್ದರು. ಆಕೆ ಜಾರಿಸಿ ಮಾತಾಡಬಹುದಿತ್ತು. ಕಾರನ್ನು ಎಂದಿದ್ದರೆ ಎಲ್ಲರಿಗೂ ಸಲೀಸಾಗುತ್ತಿತ್ತು.

“ಎರಡನ್ನೂ” ಎಂದರು. “ಕಾರಿಗೆ ಅಪ್ಪ ಹೊಡೀತಿದ್ರು. ನೀರಿಗೆ ನಮ್ಮಜ್ಜಿ ನನ್ನ ಮನೆಯೊಳಗೆ ಸೇರಿಸ್ತಿರಲಿಲ್ಲ. ಎರಡಕ್ಕೂ ಹೆದರಿದ್ದೆ. ಆಮೇಲೆ ನೀರಿನ ಮಾತೇ ಜಾಸ್ತಿ ಕೊರೀತು. ಹೇಳಬೇಡಿ ಅಂತ ಯಾಕಂದೆ ಅಂತ.”

ಅಜ್ಜಿ ತಲೆ ಆಡಿಸಿದಳು. “ಹಂಗೇ ಅಂದ್ಕಂಡಿದ್ದೆ” ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ತುಂಬ ದಿನದಿಂದ ತಿಳಿಯಬೇಕೆಂದಿದ್ದುದು ತಿಳಿದಂತೆ ಹಗುರಾಗಿ ಕುರ್ಚಿಗೆ ಒರಗಿದಳು.

ಆಮೇಲೆ ಆಕೆ ಬಿಡಿಬಿಡಿಯಾಗಿ ತನ್ನ ವಿಷಯ ಹೇಳಿದರು. ಮದುವೆಯಾದ ಮೇಲೆ ಸ್ಟೇರಿಂಗ್ ಮುಟ್ಟಿರಲಿಲ್ಲ. ಗಂಡನ ಮನೆಯಲ್ಲಿ ಎರಡು ಕಾರು, ಎರಡಕ್ಕೂ ಡ್ರೈವರು. ತಂದೆ ಸತ್ತಾಗ ತೋಟವನ್ನು ಅಣ್ಣಂದಿರು ಹಂಚಿಕೊಂಡರು. ಕಾರನ್ನಾದರೂ ಕೊಡಿ ಎಂದು ಕಾಗದ ಬರೆದರೆ, ಆಗಲೇ ಗುಜರಿಗೆ ಹಾಕಿದ್ದೇವೆ ಎಂದು ಉತ್ತರ ಬಂತು. ಈಗ ಗಂಡ ಇಲ್ಲ. ಹಳೇಬೀಡಿನ ಮನೆ, ಮೂವತ್ತು ತೆಂಗಿನ ಮರ, ಕೈಯಲ್ಲಿ ಸ್ವಂತದ ದುಡ್ಡು ಇವೆ.

“ಬಂಕಲ್ಲಿ ಇದನ್ನ ನೋಡಿದಾಗ, ಬಣ್ಣ ಬೇರೆ ಇದ್ರೂ ಗೊತ್ತಾಯ್ತು. ತಗ್ಗು ಮುಟ್ಟಿ ನೋಡಿದೆ. ಇವರು ಬಂದು ಡ್ರೈವರ್ ಸೀಟಲ್ಲಿ ಕೂತ್ರು” ಎಂದು ನನ್ನನ್ನು ತೋರಿಸಿ, “ಹೊಟ್ಟೆಕಿಚ್ಚಾಯ್ತು ಕಣ್ರೀ” ಎಂದು ನಕ್ಕರು. ಕಣ್ಣು ತುಂಬಿತ್ತು.

ಅಜ್ಜಿ ಎದ್ದಳು. “ಬನ್ನಿ, ಒಂದು ರೌಂಡು ಬಿಡಿ ನೋಡ್ವ” ಎಂದಳು. ಅಪ್ಪ ಬೇಡವೆನ್ನಲು ಬಾಯಿ ತೆರೆದವರು ಬೀಗದಕೈ ತಂದು ನನ್ನ ಕೈಗಿಟ್ಟರು.

ರೈಲ್ವೆ ಮೈದಾನದವರೆಗೆ ನಾನು ಓಡಿಸಿಕೊಂಡು ಹೋದೆ. ಅಲ್ಲಿ ಆಕೆಗೆ ಜಾಗ ಬಿಟ್ಟು ನಾನೂ ಅಪ್ಪನೂ ಹಿಂದೆ ಕುಳಿತೆವು. ಅಜ್ಜಿ ಮುಂದಿನ ಉದ್ದ ಸೀಟಿನಲ್ಲಿ ಆಕೆಯ ಪಕ್ಕಕ್ಕೆ ಕುಳಿತಳು. ಆಕೆ ಚಪ್ಪಲಿ ಬಿಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದರು. ಮೊದಲ ಸಲ ಕಾರು ಕುಪ್ಪಳಿಸಿ ನಿಂತಿತು. ಎರಡನೆಯ ಸಲವೂ ನಿಂತಿತು. ಅಜ್ಜಿ, “ಹೋಯ್ತದೆ, ಬುಡಿ” ಎಂದಳು. ಮೂರನೆಯ ಸಲ ಕಾರು ಹೊರಟಿತು. ಮೈದಾನದಲ್ಲಿ ಮೇಯುತ್ತಿದ್ದ ಎಮ್ಮೆಗಳನ್ನು ಬಳಸಿ ಒಂದು ದೊಡ್ಡ ಸುತ್ತು, ಆಮೇಲೆ ಇನ್ನೊಂದು. ಆಕೆ ಗೇರು ಬದಲಿಸುವುದಕ್ಕೆ ಹೋಗಲೇ ಇಲ್ಲ. ಮೊದಲನೆಯ ಗೇರಿನಲ್ಲೇ ಎಂಜಿನ್ ಅರಚುತ್ತಿತ್ತು. ಅಪ್ಪ ಹಲ್ಲು ಕಚ್ಚಿ ಕುಳಿತಿದ್ದರು. ಕೊನೆಗೆ ತಡೆಯಲಾರದೆ ಮುಂದಕ್ಕೆ ಬಗ್ಗಿ, “ಕ್ಲಚ್ ಒತ್ತಿ ಅಮ್ಮ, ಕೋಲು ಕೆಳಗೆ ಎಳೀರಿ, ಹಾಂ, ಈಗ ಬಿಡಿ” ಎಂದರು. ಎಂಜಿನ್ನಿನ ಸದ್ದು ತಗ್ಗಿ ಕಾರು ನಯವಾಗಿ ಓಡಿತು. ಅಪ್ಪ ಸೀಟಿಗೆ ಒರಗಿ ದೊಡ್ಡದಾಗಿ ಉಸಿರು ಬಿಟ್ಟರು.

ಆಕೆ ಅವತ್ತು ಉತ್ತರ ಕೇಳದೆ ಹೋದರು. ಸಾಯಂಕಾಲ ಅಜ್ಜಿ ಅಪ್ಪನನ್ನು ಕರೆದು ಹತ್ತಿರ ಕೂರಿಸಿಕೊಂಡಳು.

“ಕೊಟ್ಬುಡೋ ಮಗಾ.”

“ಅವ್ವ, ನಿನ್ನ ಕೂರಿಸಬೇಕು ಅಂತ್ಲೇ ತಗೊಂಡಿದ್ದು ನಾನು.”

“ಕುಂತ್ನಲ್ಲಪ್ಪ. ಹದಿನೆಂಟು ವರ್ಷ ಮುಂದ್ಲ ಸೀಟಲ್ಲಿ ಕುಂತೆ. ನಂದು ತೀರ್ತು. ಆ ಮಗು ಇನ್ನೂ ಕಾರು ಬಿಟ್ಟೇ ಇಲ್ವಲ್ಲೋ.”

ಅಪ್ಪ ಎದ್ದು ಶೆಡ್ಡಿಗೆ ಹೋದರು. ನಾನು ಹಿಂದೆ ಹೋಗಬೇಕೆಂದುಕೊಂಡೆ, ಅಮ್ಮ ಬೇಡವೆಂದು ಕೈ ಹಿಡಿದಳು. ಬಹಳ ಹೊತ್ತಿನ ಮೇಲೆ ಒಳಗೆ ಬಂದು, “ಬೆಲೇಲಿ ಒಂದು ರೂಪಾಯಿ ಇಳಿಸಲ್ಲ. ಅವರು ಹೇಳಿದ್ದೇ ಕೊಡ್ಲಿ. ನಾವು ದಾನ ಮಾಡ್ತಾ ಇಲ್ಲ, ಅವರೂ ದಾನ ತಗೋತಾ ಇಲ್ಲ” ಎಂದರು. ಅಜ್ಜಿ, “ಸರಿ ಮತ್ತೆ” ಎಂದಳು. ಆಮೇಲೆ ತನ್ನದೂ ಒಂದು ಷರತ್ತು ಸೇರಿಸಿದಳು. “ಲೈಸೆನ್ಸು ತಗೊಂಡ್ಮೇಲೆ ಕೊಡೋದು. ಮತ್ತೆ ಚರಂಡಿಗೆ ಇಳ್ಸಿದ್ರೆ ಎತ್ತಾಕೆ ನಂಗೆ ಭುಜ ಇಲ್ಲ.”

ಹಾಗಾಗಿ ಆ ಕಾರು ಇನ್ನೂ ನಾಲ್ಕು ತಿಂಗಳು ನಮ್ಮಲ್ಲೇ ಉಳಿಯಿತು. ಆಕೆ ಹಾಸನದ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿ, ಕಾಲೇಜು ಹುಡುಗರ ಜೊತೆ ಕಲಿತರು. ಪರೀಕ್ಷೆಯಲ್ಲಿ ಒಂದು ಸಲ ಫೇಲಾದರು. ಅದನ್ನು ಹೇಳಲು ಅಜ್ಜಿಗೆ ಫೋನು ಮಾಡಿದ್ದರು. ಅಜ್ಜಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, “ಇನ್ನೊಂದು ಸಲ ಕಟ್ಟಿ, ಏನಾಯ್ತದೆ” ಎಂದು ಸಮಾಧಾನ ಹೇಳಿದಳು. ಆ ನಾಲ್ಕು ತಿಂಗಳಲ್ಲಿ ಅಪ್ಪ ಒಂದೊಂದಾಗಿ ಅದರ ಕೆಲಸ ಮುಗಿಸಿದರು. ಹೊಸ ಬ್ಯಾಟರಿ ಹಾಕಿಸಿದರು, ಬಾಗಿಲಿನ ರಬ್ಬರು ಬದಲಿಸಿದರು. ಚೋಕ್ ಎಷ್ಟು ಎಳೆಯಬೇಕು, ಏರಿನಲ್ಲಿ ಬಿಸಿಯಾದರೆ ಏನು ಮಾಡಬೇಕು, ಯಾವ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಇಷ್ಟು ಬರೆಯಲಾರಿರಿ ಎಂದು ಅಮ್ಮ ಛೇಡಿಸಿದಳು. ಮಾರುವುದೇ ಒಳ್ಳೆಯದು ಎಂದಿದ್ದ ಅಮ್ಮನೇ ಕೊನೆಯ ವಾರ ಶೆಡ್ಡಿನ ಕಡೆ ಹೋಗುವುದನ್ನು ಬಿಟ್ಟಿದ್ದಳು.

ವರ್ಗಾವಣೆ ಕಾಗದಕ್ಕೆ ಅಜ್ಜಿ ಸಹಿ ಹಾಕಿದಳು. ಕಾರು ಕೊಂಡಾಗ ಒತ್ತಿದ್ದು ಹೆಬ್ಬೆಟ್ಟು. ಆಮೇಲಿನ ವರ್ಷಗಳಲ್ಲಿ ಅಮ್ಮ ಅವಳಿಗೆ ಹೆಸರು ಬರೆಯಲು ಕಲಿಸಿದ್ದಳು. ಕೊನೆಯ ಅಕ್ಷರದ ಕೊಂಬು ಎಲ್ಲಿ ತಿರುಗುತ್ತದೆಂದು ಮರೆತು ಪೆನ್ನು ಎತ್ತಿ ಕುಳಿತಳು. ಆಕೆ ಅವಸರ ಮಾಡಲಿಲ್ಲ.

ನಾನು, ಅಪ್ಪ, ಅಜ್ಜಿ ಮೂವರೂ ಹೋಗಿ ಹಳೇಬೀಡಿನ ಮನೆಯ ತೆಂಗಿನ ಮರಗಳ ನಡುವೆ ಕಾರು ನಿಲ್ಲಿಸಿ ಬಂದೆವು. ಅಪ್ಪ ನೋಟ್‌ಬುಕ್ಕನ್ನೂ ಬೀಗದಕೈಯನ್ನೂ ಆಕೆಯ ಕೈಗೆ ಕೊಟ್ಟು, ಏನೋ ಹೇಳಲು ಹೋಗಿ, “ಆಯಿಲ್ ನೋಡ್ತಾ ಇರಿ” ಎಂದಷ್ಟೇ ಹೇಳಿದರು. ಬಸ್ಸಿನಲ್ಲಿ ಕಿಟಕಿಯ ಸೀಟು ಅಜ್ಜಿಗೆ ಕೊಟ್ಟು, ಮನೆ ಬರುವವರೆಗೆ ಅವಳ ಕೈ ಹಿಡಿದುಕೊಂಡಿದ್ದರು. ಆ ದುಡ್ಡಿನಲ್ಲಿ ಕೊಂಡ ಸಣ್ಣ ಕಾರು ಬಟನ್ ಒತ್ತಿದಷ್ಟು ಸುಲಭವಾಗಿ ಓಡುತ್ತಿತ್ತು. ನಾನು ಅದನ್ನು ಹತ್ತು ವರ್ಷ ಓಡಿಸಿದೆ. ಅದರ ಬಗ್ಗೆ ಹೇಳಲು ನನಗೆ ಏನೂ ಇಲ್ಲ.

ಅಜ್ಜಿ ಅದಾದ ಮೇಲೆ ಎರಡು ವರ್ಷ ಇದ್ದಳು. ಅವಳು ಹೋದ ಮೇಲೆ ಆಕೆ ಇನ್ನೂ ಆರು ವರ್ಷ ಬದುಕಿದರು. ಕಾರು ಆಮೇಲೆ ಅವರ ಸಂಬಂಧಿಕರೊಬ್ಬರ ಪಾಲಾಯಿತೆಂದು ಕೇಳಿದ್ದೇನೆ. ಈಗ ಎಲ್ಲಿದೆಯೋ ಗೊತ್ತಿಲ್ಲ. ಹುಡುಕಲು ಮನಸ್ಸಾಗಿಲ್ಲ.

ಆ ಎರಡು ವರ್ಷದಲ್ಲಿ ಒಂದು ಸಲ ಆಕೆ ಹಳೇಬೀಡಿನಿಂದ ಒಬ್ಬರೇ ಓಡಿಸಿಕೊಂಡು ನಮ್ಮ ಮನೆಗೆ ಬಂದರು. ಬಿಕ್ಕೋಡಿಗೆ ಹೋಗೋಣವೇ ಎಂದು ಅಜ್ಜಿಯನ್ನು ಕೇಳಿದರು. ನಾನೂ ಬರುತ್ತೇನೆ ಎಂದೆ. ಅಜ್ಜಿ ಬೇಡವೆಂದಳು. ಇಬ್ಬರೇ ಬೆಳಿಗ್ಗೆ ಹೋದವರು ಸಾಯಂಕಾಲ ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಅಪ್ಪ ನಾಲ್ಕು ಸಲ ಗೇಟಿನವರೆಗೆ ಹೋಗಿ ಬಂದರು. ಐದನೆಯ ಸಲ ಹೋದವರು ವಾಪಸು ಬರಲಿಲ್ಲವೆಂದು ನಾನೂ ಹೋಗಿ ನೋಡಿದೆ.

ಕಾರು ಮನೆಯ ಮುಂದೆ ನಿಂತಿತ್ತು. ಎಂಜಿನ್ ಇನ್ನೂ ಓಡುತ್ತಿತ್ತು. ಅಜ್ಜಿ ಮುಂದಿನ ಸೀಟಿನಲ್ಲಿ, ಮಡಿಲ ತುಂಬ ಕಿತ್ತಳೆ ಹಣ್ಣು ಇಟ್ಟುಕೊಂಡು, ಆಕೆಯ ಭುಜಕ್ಕೆ ತಲೆ ಒರಗಿಸಿ ಗಾಢವಾಗಿ ನಿದ್ದೆಹೋಗಿದ್ದಳು. ಆಕೆ ನಮ್ಮನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು.

“ಎಂಜಿನ್ ನಿಲ್ಲಿಸಿದ್ರೆ ಎಚ್ಚರ ಆಗಿಬಿಡುತ್ತೆ. ಸ್ವಲ್ಪ ಹೊತ್ತು ಮಲಗಲಿ” ಎಂದು ಪಿಸುಗುಟ್ಟಿದರು.

ಅಪ್ಪ ಹಾಗೇ ಆಗಲಿ ಎಂಬಂತೆ ಕೈ ತೋರಿಸಿ, ಗೇಟಿನ ಕಂಬಕ್ಕೆ ಒರಗಿ ನಿಂತುಕೊಂಡರು.